ಅಧಿಕ ಮಾಸದ ಅಳಿಯ ಮತ್ತು ಹಿಂದಿನ ಗಾಲಿಯ ಟಿಕ್

ಮೂವತ್ತೆಂಟು ವರ್ಷ ಸೋಲಾಪುರದ ವಿದ್ಯುತ್ ಮಗ್ಗಗಳ ನಡುವೆ ನಿಂತವನ ಕಿವಿಗೆ ಎರಡೇ ಗತಿ. ಒಂದೋ ಅದು ಪೂರ್ತಿ ಕೆಡುತ್ತದೆ, ಇಲ್ಲವೇ ಪೂರ್ತಿ ಪಳಗುತ್ತದೆ. ನನ್ನದು ಪಳಗಿದೆ ಎಂದು ನಾನು ನಂಬಿದ್ದೆ. ಮುಂದೆ ನಡೆದದ್ದಕ್ಕೆಲ್ಲ ಆ ನಂಬಿಕೆಯೇ ಕಾರಣ. ಕಾರಿನ ತಪ್ಪು ಏನೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಜಾಬರನಾಗಿದ್ದೆ. ಮಗ್ಗ ನೇಯುವವನು ಬೇರೆ, ಕೆಟ್ಟ ಮಗ್ಗವನ್ನು ಸರಿಮಾಡುವವನು ಬೇರೆ. ಆ ಎರಡನೆಯವನಿಗೆ ನಮ್ಮಲ್ಲಿ ಜಾಬರ ಎನ್ನುತ್ತಾರೆ. ಓದಿದ್ದು ಮೆಟ್ರಿಕ್‌ವರೆಗೆ. ಉಳಿದ ವಿದ್ಯೆಯೆಲ್ಲ ಕಿವಿಯಿಂದ ಒಳಗೆ ಹೋದದ್ದು. ಚಾದರ ನೇಯುವ ಇಪ್ಪತ್ನಾಲ್ಕು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿರುವಾಗ, ಚಹಾದ ಕಪ್ಪು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೇ, "ಒಂಬತ್ತನೇ ಮಗ್ಗದ ಬಲಗಡೆ ನಟ್ಟು ಸಡಲ್ಯಾದ" ಎಂದು ಹೇಳುತ್ತಿದ್ದೆ. ಹೋಗಿ ನೋಡಿದರೆ ಸಡಿಲಾಗಿರುತ್ತಿತ್ತು. ಕೆಲವು ಸಲ ಆಗಿರುತ್ತಿರಲಿಲ್ಲ. ಆ ಸಲಗಳನ್ನು ನಾನು ನೆನಪಿನಲ್ಲಿಟ್ಟುಕೊಂಡಿಲ್ಲ.

ಕೆಲಸ ಬಿಟ್ಟ ಮೇಲೆ ಒಂದು ಸಣ್ಣ ಕಾರು ಕೊಂಡೆ. ನನಗಿಂತ ಮೊದಲು ಅದಕ್ಕೆ ಇಬ್ಬರು ಯಜಮಾನರಾಗಿ ಹೋಗಿದ್ದರು. ಹನ್ನೆರಡು ವರ್ಷ ಅದು ಮೂಕ ಎತ್ತಿನಂತೆ ದುಡಿಯಿತು. ಈ ಬೇಸಿಗೆಯ ಒಂದು ಗುರುವಾರ ಬೆಳಿಗ್ಗೆ ತರಕಾರಿ ತರಲು ಹೊರಟಾಗ, ಎಡಗಡೆಯ ಹಿಂದಿನ ಗಾಲಿಯಿಂದ ಟಿಕ್ ಎಂದಿತು. ಸ್ವಲ್ಪ ಮುಂದೆ ಹೋದೆ. ಟಿಕ್. ಇನ್ನೂ ಸ್ವಲ್ಪ ಹೋದೆ. ಟಿಕ್. ನನಗೆ ಬೇಸರವಾಗಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ಯಂತ್ರ ನನ್ನನ್ನು ಹೆಸರು ಹಿಡಿದು ಕರೆದಿತ್ತು.

ಅದೇ ದಿನ ಇನ್ನೊಂದು ಕರೆಯೂ ಬಂತು. ಇದು ಫೋನಿನಲ್ಲಿ, ಅಕ್ಕಲಕೋಟೆಯಿಂದ. ಇದರ ಹಿಂದಿನ ಕಥೆ ಹೇಳದಿದ್ದರೆ ನನ್ನ ಪಾಪದ ತೂಕ ತಿಳಿಯುವುದಿಲ್ಲ.

ನನ್ನ ಹೆಂಡತಿ ಶಾಂತಾಳ ತವರು ಅಕ್ಕಲಕೋಟೆ. ಅಲ್ಲಿ ಅವಳ ತಮ್ಮ ಗುರಪ್ಪ ಉಳ್ಳಾಗಡ್ಡಿ ವ್ಯಾಪಾರ ಮಾಡುತ್ತಾನೆ. ಎಂಟು ವರ್ಷದ ಹಿಂದೆ ಅವನ ಮಗಳ ಮದುವೆ ಮನೆಯಂಗಳದಲ್ಲೇ ನಡೆಯಿತು. ಮದುವೆಯ ಹಿಂದಿನ ದಿನ ಬೋರಿನ ಪಂಪು ಸ್ವಲ್ಪ ಗೊರಗೊರ ಎನ್ನುತ್ತಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಹೋಗಿ ಬಿಚ್ಚಿ, ಏನೋ ಸೇರಿಸಿ, ಮತ್ತೆ ಕೂಡಿಸಿದೆ. ಮರುದಿನ ನಾನೂರು ಮಂದಿ ಊಟಕ್ಕೆ ಕುಳಿತಾಗ ಪಂಪಿನಿಂದ ಒಂದು ಹನಿ ನೀರು ಬರಲಿಲ್ಲ. ಬೀಗರು ಕೈಯಲ್ಲಿ ಹೋಳಿಗೆಯ ತುಪ್ಪ ಒಣಗಿಸಿಕೊಂಡು ಮೂರು ಗಂಟೆಯವರೆಗೆ ಟ್ಯಾಂಕರಿನ ದಾರಿ ಕಾದರು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಅದೇ ಬೀಗರ ಎದುರಿಗೆ, "ಪಂಪೇ ಹಲ್ಕಟ್ಟ ಮಾಲು, ಅಗ್ಗದ್ದು ನೋಡಿ ತಂದಾನ" ಎಂದುಬಿಟ್ಟೆ.

ಗುರಪ್ಪ ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ಗಂಡನನ್ನು ಕರೆಯದ ಮನೆಗೆ ನಾನೊಬ್ಬಳೇ ಹೇಗೆ ಹೋಗಲಿ ಎಂದು ಶಾಂತಾ ತವರು ಬಿಟ್ಟಳು. ಎಂಟು ವರ್ಷದಲ್ಲಿ ಒಂದೇ ಸಲ ಹೋದಳು, ತಾಯಿ ತೀರಿಕೊಂಡಾಗ. ನಾನು ಪಂಪಿನ ವಿಷಯದಲ್ಲಿ ಒಂದು ಮಾತು, "ತಪ್ಪಾಯಿತು" ಎಂದಿದ್ದರೆ ಮುಗಿಯುತ್ತಿತ್ತು. ಜಾಬರನ ಬಾಯಿಗೆ ಆ ಮಾತಿನ ರೂಢಿಯಿಲ್ಲ.

ಈಗ ಅಧಿಕ ಮಾಸ ಬಂದಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಈ ಹೆಚ್ಚಿನ ತಿಂಗಳಿಗೆ ನಮ್ಮ ಕಡೆ ಧೋಂಡೆಯ ತಿಂಗಳು ಎನ್ನುತ್ತಾರೆ. ತವರಿನವರು ಮಗಳನ್ನೂ ಅಳಿಯನನ್ನೂ ಕರೆದು, ಅಳಿಯನನ್ನು ಸಾಕ್ಷಾತ್ ನಾರಾಯಣನೆಂದು ತಿಳಿದು ಕಾಲು ತೊಳೆದು, ಹೂರಣ ತುಂಬಿದ ಧೋಂಡೆ ಉಣಿಸಿ, ದಾನ ಕೊಟ್ಟು ಕಳಿಸಬೇಕು. ಅಳಿಯನ ವಯಸ್ಸಿಗೆ ಮಿತಿ ಹಾಕಿಲ್ಲ. ನನಗೆ ಎಪ್ಪತ್ತೆರಡು. ನಡುವೆ ಎರಡು ಅಧಿಕ ಮಾಸ ಬಂದು ಹೋಗಿದ್ದವು. ಎರಡರಲ್ಲೂ ನಾನು ನಾರಾಯಣನಾಗಿರಲಿಲ್ಲ.

ಫೋನಿನಲ್ಲಿ ಮಾತಾಡಿದವಳು ಗುರಪ್ಪನ ಹೆಂಡತಿ ಕಸ್ತೂರಿ. "ಶಾಂತಕ್ಕಾ, ಸೋಮವಾರ ಬರ್ರಿ. ದಾಜಿಗೂ ಕರ್ಕೊಂಡ ಬರ್ರಿ. ಇವ್ರೇ ಹೇಳ್ಯಾರ. ಹನ್ನೆರಡರ ಒಳಗ ಕಾಲಿಗೆ ನೀರ ಹಾಕಬೇಕ್ರಿ, ಆಮ್ಯಾಲ ಮುಹೂರ್ತ ಇಲ್ಲ." ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಎನ್ನುವುದು. ಎಂಟು ವರ್ಷದ ಮೇಲೆ ಆ ಮನೆಯ ಬಾಯಿಂದ ಆ ಮಾತು ಬಂದಿತ್ತು.

ಶಾಂತಾ ಫೋನ್ ಇಟ್ಟು, ಒರೆಸಿದ ಒಲೆಯನ್ನೇ ಮತ್ತೆ ಒರೆಸತೊಡಗಿದಳು. ಬೆನ್ನು ತಿರುಗಿಸಿಯೇ ಹೇಳಿದಳು.

"ಕೇಳ್ರಿಲ್ಲೆ. ಅಲ್ಲಿ ಹೋಗಿ ಏನೂ ಮುಟ್ಟಬ್ಯಾಡ್ರಿ. ಪೂಜಾದ ಗಂಟಿ ಸುದ್ದಾ ಮುಟ್ಟಬ್ಯಾಡ್ರಿ."

"ಇಲ್ಲೇಳು."

"ಮತ್ತ ಒಂದ ಮಾತ ಚೂಕ ಆತು ಅಂದಬಿಡ್ರಿ. ಅವ ಸಣ್ಣಾಂವ ಇದ್ದಾನ ಖರೆ. ಹಂಗ ಅಂದ್ರ ನೀವ ಎತ್ತರ ಆಗ್ತೀರಿ."

"ನೋಡೂಣು," ಎಂದೆ. ಮತ್ತು ಕಾರನ್ನು ನೋಡಲು ಹೊರಗೆ ಹೋದೆ.

ಶಾಂತಾ ಎಸ್‌ಟಿ ಬಸ್ಸಿಗೆ ಹೋಗೋಣ ಎಂದಳು. ನಾರಾಯಣನು ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಗ್ಯಾರೇಜಿಗೆ ತೋರಿಸಿ ಎಂದಳು. ಅದು ಇನ್ನೂ ದೊಡ್ಡ ಅವಮಾನ. ಸೋಮವಾರದೊಳಗೆ ಆ ಟಿಕ್‌ನ ಮೂಲವನ್ನು ನಾನೇ ಹಿಡಿಯಬೇಕೆಂದು ನಿಶ್ಚಯಿಸಿದೆ. ನಾನು ನಿಶ್ಚಯಿಸಿದಾಗಲೆಲ್ಲ ನಮ್ಮ ಮನೆಯಲ್ಲಿ ಯಾವುದೋ ಒಂದು ವಸ್ತು ಕಡಿಮೆಯಾಗುತ್ತದೆ ಎಂದು ಶಾಂತಾ ಹೇಳುವುದುಂಟು.

ತನಿಖೆಯ ಮೊದಲ ಹಂತಕ್ಕೆ ಪಕ್ಕದ ಮನೆಯ ಜೋಶಿ ಮಾಸ್ತರರನ್ನು ನೇಮಿಸಿಕೊಂಡೆ. ಅವರು ಇತಿಹಾಸ ಕಲಿಸಿ ನಿವೃತ್ತರಾದವರು, ಸಜ್ಜನರು, ಬೇಡ ಎನ್ನಲು ಬಾರದವರು. ನಾನು ಓಣಿಯಲ್ಲಿ ಮೆಲ್ಲಗೆ ಕಾರು ಓಡಿಸಬೇಕು, ಅವರು ಬಗ್ಗಿ ಹಿಂದಿನ ಗಾಲಿಗೆ ಕಿವಿ ಕೊಟ್ಟು ಪಕ್ಕದಲ್ಲಿ ಓಡಬೇಕು. ಮೊದಲ ಸುತ್ತು ಮುಗಿಯಿತು. ಕಾರು ನಿಲ್ಲಿಸಿ ತಲೆ ಹೊರಗೆ ಹಾಕಿದೆ.

"ಏನ ಕೇಳಾಕತ್ತದ, ಮಾಸ್ತರ?"

"ನಂದೇ ದಮ್ಮ ಕೇಳಾಕತ್ತದ್ರಿ," ಎಂದರು ಮಾಸ್ತರರು, ಗೋಡೆ ಹಿಡಿದುಕೊಂಡು.

ಎರಡನೆಯ ಸುತ್ತಿಗೆ ಓಣಿಯ ಎರಡು ನಾಯಿಗಳೂ ಅವರ ಜೊತೆ ಓಡಿದವು. ಕಟ್ಟೆಯ ಮೇಲಿನ ಹೆಂಗಸರು ಸೇಂಗಾ ಸುಲಿಯುವುದನ್ನು ನಿಲ್ಲಿಸಿ ನೋಡಿದರು. ಒಬ್ಬಳು ಇನ್ನೊಬ್ಬಳಿಗೆ, "ಪಾಪ, ಮಾಸ್ತರಿಗೆ ಎಲ್ಲೋ ಹೋಗೂದದ, ಈ ಅಜ್ಜ ಹತ್ತಿಸ್ಕೊಳವಲ್ಲ" ಎಂದದ್ದು ನನ್ನ ಪಳಗಿದ ಕಿವಿಗೆ ಚೆನ್ನಾಗಿ ಕೇಳಿಸಿತು.

ಮೂರನೆಯ ಸುತ್ತಿನ ಕೊನೆಗೆ ಮಾಸ್ತರರು ಎದೆಯ ಮೇಲೆ ಕೈಯಿಟ್ಟು ವರದಿ ಒಪ್ಪಿಸಿದರು. "ಗಾಲಿ ಒಂದ ಸುತ್ತ ತಿರಗಿದ್ರ ಒಂದೇ ಟಿಕ್ಕರಿ. ಟಾಯರಿನ ಸಂದ್ಯಾಗ ಏನರೆ ಸಿಕ್ಕಿರಬೇಕ. ಖಡಿನೋ, ಮೊಳಿನೋ. ಕೂತು ಒಮ್ಮೆ ಕಣ್ಣೀಲೆ ನೋಡ್ರಿ."

ನನಗೆ ಅವರ ಮೇಲೆ ಕನಿಕರ ಬಂತು. "ಮಾಸ್ತರ, ಪೇಶ್ವೆಯವರ ಬಗ್ಗೆ ಹೇಳ್ರಿ, ಕೈ ಕಟ್ಟಿ ಕೇಳ್ತೀನಿ. ಗಾಲಿ ವಿಷಯ ನನಗ ಬಿಡ್ರಿ," ಎಂದೆ. ಕಣ್ಣಿನಿಂದ ನೋಡಿ ಹೇಳುವವನು ಜಾಬರನಲ್ಲ. ಅದನ್ನು ಯಾರು ಬೇಕಾದರೂ ಮಾಡುತ್ತಾರೆ.

ಅಂದು ರಾತ್ರಿಯ ಊಟದ ಹೊತ್ತಿಗೆ ನನ್ನ ತೀರ್ಪು ಸಿದ್ಧವಾಯಿತು. ಗಾಲಿಯ ನಟ್ಟಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದು ಬರುತ್ತಿದೆ. ಮಗ್ಗಕ್ಕೆ ಈ ರೋಗ ಬಂದರೆ ಮದ್ದು ಒಂದೇ: ನಟ್ಟಿನ ಕೆಳಗೆ ದಪ್ಪ ತೊಗಲಿನ ಒಂದು ಬಿಲ್ಲೆ ಕೊಟ್ಟು ಬಿಗಿಯಬೇಕು. ತೊಗಲು ಏಟನ್ನು ಕುಡಿಯುತ್ತದೆ, ಸದ್ದು ಸಾಯುತ್ತದೆ. ಸೋಲಾಪುರದ ಎಷ್ಟೋ ಮಗ್ಗಗಳು ನನ್ನ ತೊಗಲಿನ ಬಿಲ್ಲೆಗಳ ಮೇಲೆ ನಿಂತು ಸಂಸಾರಗಳನ್ನು ಸಾಕಿವೆ.

ಶನಿವಾರ ಮಧ್ಯಾಹ್ನ ಶಾಂತಾ ಭಜನೆಗೆ ಹೋದಳು. ನಾನು ಕಾರಿಗೆ ಜ್ಯಾಕ್ ಕೊಟ್ಟು ಗಾಲಿ ಬಿಚ್ಚಿದೆ. ಹಳೆಯ ಡಬ್ಬಿಯಲ್ಲಿ ಎಮ್ಮೆಯ ತೊಗಲು ಇತ್ತು. ನಾಲ್ಕು ಬಿಲ್ಲೆ ಕತ್ತರಿಸಿ, ನಡುವೆ ತೂತು ಕೊರೆದು, ನಾಲ್ಕು ನಟ್ಟಿನ ಕೆಳಗೆ ಕೂರಿಸಿ, ನಟ್ಟು ತಿರುಗಿಸುವ ಪಾನಾದ ಮೇಲೆ ಕಾಲಿಟ್ಟು ಒತ್ತಿ ಬಿಗಿದೆ. ತೊಗಲು ಹಿಸುಕಿಕೊಂಡು ಅಂಚಿನಲ್ಲಿ ಸ್ವಲ್ಪ ಉಬ್ಬಿತು. ಮಗ್ಗದ ನಟ್ಟು ಹೀಗೆ ಕುಳಿತರೆ ಹತ್ತು ವರ್ಷ ಅಲುಗುವುದಿಲ್ಲ. ಮಗ್ಗ ಸಿಮೆಂಟಿನಲ್ಲಿ ನಿಂತಿರುತ್ತದೆ, ಕಾರು ಓಡುತ್ತದೆ ಎಂಬ ಸಣ್ಣ ವ್ಯತ್ಯಾಸ ಆಗ ನನ್ನ ಗಮನಕ್ಕೆ ಬರಲಿಲ್ಲ.

ಓಣಿಯಲ್ಲಿ ಒಂದು ಸುತ್ತು ಹೋಗಿ ಬಂದೆ. ಟಿಕ್ ಇತ್ತು. ಆದರೆ ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದು ನಿರ್ಧರಿಸಿದೆ. ಉಳಿದರ್ಧ ತೊಗಲು ಹದಕ್ಕೆ ಬಂದ ಮೇಲೆ ಹೋಗಬೇಕಷ್ಟೇ.

ಅಷ್ಟರಲ್ಲಿ ಶಾಂತಾ ಬಂದಳು. "ಗಾಡಿ ತೋರಿಸಿದ್ರೇನು?"

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. "ಹೂಂ. ಟಾಯರ ಅಂಗಡ್ಯಾಂವ ಗಾಲಿ ಬಿಚ್ಚಿ ನೋಡಿದಾ. ಎಲ್ಲಾ ಬರೋಬರ ಅದ ಅಂದಾ," ಎಂದೆ.

"ನಿಮ್ಮ ಕೈ ಯಾಕ ಕರ್ರಗ ಆಗ್ಯಾವ?"

"ಅವನ ಕೈ ಹಿಡದು ಆಭಾರ ಅಂದೆ."

ಅವಳು ನಂಬಿದಳು. ಅಥವಾ ತವರಿಗೆ ಹೋಗುವ ಸಂಭ್ರಮದಲ್ಲಿ ನಂಬಲು ನಿಶ್ಚಯಿಸಿದಳು.

ಸೋಮವಾರ ಒಂಬತ್ತಕ್ಕೆಲ್ಲ ಹೊರಟೆವು. ನಲವತ್ತು ಕಿಲೋಮೀಟರಿನ ಒಳಗಿನ ದಾರಿ. ಶಾಂತಾ ಹಸಿರು ಇಳಕಲ್ ಸೀರೆ ಉಟ್ಟು, ಕಸ್ತೂರಿಗೆಂದು ತಂದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತವರಿನ ಓಣಿಯಲ್ಲಿ ಯಾರ್‍ಯಾರು ಇದ್ದಾರೆ, ಯಾರು ಹೋಗಿದ್ದಾರೆ ಎಂದು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ಕೇಳಿ ನನಗೆ ವರ್ಷಗಳಾಗಿದ್ದವು.

ಕುಂಭಾರಿ ದಾಟುವವರೆಗೆ ಟಿಕ್ ಎನ್ನುತ್ತಿದ್ದದ್ದು ಮುಂದೆ ಟಕ್ ಎನ್ನತೊಡಗಿತು.

"ಏನ್ರೀ ಅದ ಆವಾಜ?"

"ರಸ್ತಾದ್ದು."

"ರಸ್ತಾ ಟಕ್ ಅಂತದೇನು?"

"ಹೊಸಾ ರಸ್ತಾ."

ಟಕ್ ಎನ್ನುತ್ತಿದ್ದದ್ದು ಟಕ ಟಕ ಆಯಿತು. ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ರೋಗ ತಾನಾಗಿ ಹೊರಗೆ ಬರುತ್ತಿದೆ, ಈಗ ಹಿಡಿಯದಿದ್ದರೆ ಮತ್ತೆಂದೂ ಸಿಗದು ಎನಿಸಿತು. ಕಾರು ಓಡಿಸುತ್ತ ಹಿಂದಿನ ಗಾಲಿಗೆ ಕಿವಿ ಕೊಡುವುದು ಸಾಧ್ಯವಿಲ್ಲ. ಅದಕ್ಕೆ ಇನ್ನೊಂದು ಜೋಡಿ ಕಿವಿ ಬೇಕು. ಬದಿಗೆ ನಿಲ್ಲಿಸಿ ಡಿಕ್ಕಿ ತೆರೆದೆ.

"ಶಾಂತಾ, ಎರಡ ಮಿನಿಟ ಡಿಕ್ಕ್ಯಾಗ ಕುಂಡ್ರು."

ಅವಳು ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವುದಿಲ್ಲ. "ತವರಿಗೆ ಹೊಂಟ ಹೆಣ್ಣಮಗಳ್ನ ಡಿಕ್ಕ್ಯಾಗ ಕುಂಡ್ರಸ್ತೀರೇನು? ಅರವತ್ತೇಳ ಆಗ್ಯಾವ ನನಗ."

"ಆವಾಜ ಹಿಡೀಲಿಲ್ಲಂದ್ರ ಹನ್ನೆರಡರ ಒಳಗ ಮುಟ್ಟಾಂಗಿಲ್ಲ ನೋಡು."

ಹನ್ನೆರಡು ಗಂಟೆಯ ಮಾತು ಅವಳ ಮರ್ಮಕ್ಕೆ ತಾಗಿತು. ಅದು ತಾಗುತ್ತದೆಂದು ಗೊತ್ತಿದ್ದೇ ಹೇಳಿದೆ. ಅವಳು ಸೀರೆಯ ಸೆರಗು ಬಿಗಿದು, ಸ್ಟೆಪ್ನಿಯ ಪಕ್ಕದಲ್ಲಿ ಹೊರಮುಖವಾಗಿ ಕುಳಿತು, ಎರಡೂ ಕೈಯಿಂದ ಅಂಚು ಹಿಡಿದುಕೊಂಡಳು. ಡಿಕ್ಕಿಯ ಬಾಗಿಲು ಮೇಲಕ್ಕೆತ್ತಿಯೇ ಇತ್ತು. ಹತ್ತು ಕಿಲೋಮೀಟರಿನ ವೇಗದಲ್ಲಿ ನಮ್ಮ ಮೆರವಣಿಗೆ ಸಾಗಿತು.

ಹಿಂದಿನಿಂದ ಅಕ್ಕಲಕೋಟೆಯ ಬಸ್ಸು ಬಂತು. ನಮ್ಮನ್ನು ದಾಟುವ ಮೊದಲು ಅದು ಸ್ವಲ್ಪ ಹೊತ್ತು ಶಾಂತಾಳ ಎದುರೆದುರಿಗೇ ನಿಧಾನವಾಗಿ ಬಂತು. ಡ್ರೈವರ್ ಅವಳನ್ನು ನೋಡಿದ. ಅವಳು ಡ್ರೈವರನನ್ನು ನೋಡಿದಳು. ದಾಟುವಾಗ ಕಂಡಕ್ಟರ್ ಕಿಟಕಿಯಿಂದ ಬಗ್ಗಿ, "ಆಜೋಬಾ, ಅಜ್ಜೀನ ಯಾವ ಬಾಜಾರಕ್ಕ ವಯ್ತೀರಿ?" ಎಂದ. ಬಸ್ಸಿನ ಅಷ್ಟೂ ಕಿಟಕಿಗಳಲ್ಲಿ ತಲೆಗಳು. ಅದರಲ್ಲಿ ಒಂದು ತಲೆ ಗುರಪ್ಪನ ಓಣಿಯದು ಎಂಬುದು ನಮಗೆ ಆಗ ತಿಳಿಯಲಿಲ್ಲ.

ಕಾರು ನಿಲ್ಲಿಸಿ ಹಿಂದೆ ಹೋದೆ. ಶಾಂತಾಳ ಮುಖ ಧೂಳಿನಿಂದ ಕೆಂಪಾಗಿತ್ತು, ಕುಂಕುಮ ಒಂದು ಹುಬ್ಬಿನವರೆಗೆ ಹರಡಿತ್ತು.

"ಏನ ಕೇಳ್ತು?"

"ಹಲ್ಲ ಅಲಗ್ಯಾಡಿದಂಗ ಕೇಳ್ತದ. ಬೀಳೂ ಹಲ್ಲ ಹೆಂಗ ಸಡ್ಲ ಇರ್ತದ, ಹಂಗ."

ಇಂಥ ನಿಖರವಾದ ರೋಗನಿದಾನ ನನ್ನ ಮೂವತ್ತೆಂಟು ವರ್ಷದಲ್ಲಿ ನಾನೂ ಮಾಡಿರಲಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ: "ಹಲ್ಲಲ್ಲ, ಶಾಕಬ್ಸಾರ್ಬರ್. ನಿನಗ ತಿಳ್ಯಾಂಗಿಲ್ಲ, ಬಾ ಮುಂದ ಕುಂಡ್ರು."

ವಳಸಂಗ ಮುಟ್ಟುವಷ್ಟರಲ್ಲಿ ಕಾರಿನ ಹಿಂಭಾಗ ಕುಣಿಯತೊಡಗಿತು. ಸ್ಟೇರಿಂಗನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಶಾಂತಾ ದೇವರ ಹೆಸರು ಹೇಳುವುದನ್ನೂ ಬಿಟ್ಟು ಸುಮ್ಮನೆ ಡ್ಯಾಶ್‌ಬೋರ್ಡ್ ಹಿಡಿದಿದ್ದಳು. ರಸ್ತೆಯ ಪಕ್ಕದಲ್ಲಿ ಪಂಕ್ಚರ್ ತಿದ್ದುವ ಒಂದು ತಗಡಿನ ಅಂಗಡಿ ಕಂಡಿತು. ಅದರೊಳಗಿನಿಂದ ಒಬ್ಬ ಮಧ್ಯವಯಸ್ಸಿನವನು ಎರಡೂ ಕೈ ಮೇಲೆತ್ತಿ ಓಡಿಬಂದ. ಅವನ ಹೆಸರು ರಫೀಕ್ ಎಂದು ಆಮೇಲೆ ತಿಳಿಯಿತು.

"ಅಜ್ಜಾ, ಪೈಲೆ ಇಂಜಿನ್ ಬಂದ ಮಾಡ್ರಿ. ಗಾಲಿ ಕುಣ್ಯಾಕತ್ತದ."

ಅವನು ಕುಳಿತು ಗಾಲಿ ಹಿಡಿದು ಅಲುಗಿಸಿದ. ಗಾಲಿ ಅತ್ತಿತ್ತ ಆಡಿತು. ಪಾನಾ ತರಲು ಎದ್ದವನು ಮತ್ತೆ ಕುಳಿತು ಒಂದು ನಟ್ಟನ್ನು ಬರೀ ಎರಡು ಬೆರಳಿನಿಂದ ತಿರುಗಿಸಿದ. ಅದು ಬಾಟಲಿಯ ಮುಚ್ಚಳದಂತೆ ಬಿಚ್ಚಿಕೊಂಡು ಬಂತು.

"ಇನ್ನ ಒಂದ ಮೈಲ ಹೋಗಿದ್ರ ಗಾಲಿ ನಿಮಗಿಂತ ಮೊದಲ ಅಕ್ಕಲಕೋಟಿ ಮುಟ್ತಿತ್ರಿ. ಯಾರ್‍ರೀ ಈ ಗಾಲಿ ಬಿಚ್ಚಿದಾಂವ?"

ಶಾಂತಾ ನನ್ನನ್ನು ನೋಡಿದಳು. ರಫೀಕ್ ನನ್ನನ್ನು ನೋಡಿದ. ನಾನು ರಸ್ತೆಯನ್ನು ನೋಡಿದೆ.

"ಸೋಲಾಪುರದಾಗ. ಒಬ್ಬ ಟಾಯರ ಅಂಗಡ್ಯಾಂವ."

"ಅವನ ಕೈಗಿ ಹಾವು ಕಚ್ಚಲಿ," ಎಂದಳು ಶಾಂತಾ. ನಾನು ನನಗೇ ಗೊತ್ತಿಲ್ಲದಂತೆ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. "ಎರಡ ಜೀವಾ ತಗೀತಿದ್ದ. ಹೆಸರ ಹೇಳ್ರಿ ಅವಂದು, ಹೊಳ್ಳಿ ಹೋಗೂ ಮುಂದ ನಾ ಅವನ ಅಂಗಡಿ ಮುಂದ ನಿಂದರ್ತೀನಿ."

ರಫೀಕ್ ನಾಲ್ಕೂ ನಟ್ಟು ತೆಗೆದು, ಅವುಗಳ ಕೆಳಗಿನಿಂದ ಜಜ್ಜಿದ ನಾಲ್ಕು ಕಪ್ಪು ಚೂರುಗಳನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡ. ಮೂಸಿ ನೋಡಿದ. "ಏ ಕ್ಯಾ ಹೈ? ತೊಗಲು. ಇಪ್ಪತ್ತೈದ ವರ್ಷ ಆತು ಗಾಲಿ ಬಿಚ್ಚಾಕತ್ತು, ಗಾಲಿ ನಟ್ಟಿಗೆ ತೊಗಲ ಹಾಕಿದ್ದು ನೋಡಿಲ್ಲ. ಕಬ್ಬಿಣದ ಮ್ಯಾಲ ಕಬ್ಬಿಣ ಕೂತ್ರನ ನಟ್ಟ ಹಿಡೀತದ. ಯಾವ ಕತ್ತಿ ಮಾಡ್ಯಾದ ಇದು?"

ಕತ್ತೆ ಸುಮ್ಮನೆ ನಿಂತಿತ್ತು.

ಅಷ್ಟರಲ್ಲಿ ಅಕ್ಕಲಕೋಟೆಯ ಕಡೆಯಿಂದ ಒಂದು ಸಣ್ಣ ಟೆಂಪೋ ಬಂದು ನಮ್ಮೆದುರಿಗೆ ಗಕ್ಕನೆ ನಿಂತಿತು. ಇಳಿದವನು ಗುರಪ್ಪ. ಬಸ್ಸಿನಲ್ಲಿದ್ದ ಅವನ ಓಣಿಯ ಹೆಣ್ಣುಮಗಳು ಫೋನ್ ಮಾಡಿ, ನಿಮ್ಮ ಅಕ್ಕನನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಒಯ್ಯುತ್ತಿದ್ದಾರೆ ಎಂದು ಸುದ್ದಿ ಮುಟ್ಟಿಸಿದ್ದಳು. ಅವನು ಪೂಜೆಯ ಮಡಿಯಲ್ಲೇ, ಬರೀ ಪಂಜೆ ಶಲ್ಯದಲ್ಲಿ ಬಂದಿದ್ದ.

"ಅಕ್ಕಾ, ಏನಾತು? ನೀ ಛಲೋ ಇದ್ದಿ ಇಲ್ಲೋ?" ಅವನ ತಲೆ ಬೆಳ್ಳಗಾಗಿತ್ತು. ಶಾಂತಾ ಅವನ ತೋಳು ಹಿಡಿದುಕೊಂಡು ಅಳತೊಡಗಿದಳು. ಎಂಟು ವರ್ಷದ ಅಳು ಅದು. ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಗುರಪ್ಪ ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಅವಳು ಕಣ್ಣೊರೆಸಿಕೊಂಡು ಟಾಯರ್ ಅಂಗಡಿಯವನ ಘೋರ ಕೃತ್ಯವನ್ನು ಹೇಳಿದಳು. ರಫೀಕ್ ಅಂಗೈಯ ತೊಗಲನ್ನು ಸಾಕ್ಷಿಯಾಗಿ ತೋರಿಸಿದ. ಗುರಪ್ಪನ ಮುಖ ಬಿಗಿಯಿತು. ಫೋನ್ ತೆಗೆದು, ಇನ್ನೂ ನನ್ನ ಮುಖ ನೋಡದೆ, ರಫೀಕ್‌ನಿಗೆ ಹೇಳುವಂತೆ ಹೇಳಿದ. "ಅಂಗಡಿ ಹೆಸರ ಕೇಳ್ರಿ ಅವ್ರಿಗೆ. ಸೋಲಾಪುರದ ಮಾರ್ಕೆಟ್ ಯಾರ್ಡಿನ್ಯಾಗ ನಮ್ಮ ಹಮಾಲರು ಇಪ್ಪತ್ತ ಮಂದಿ ಇದ್ದಾರ. ಈಗ ಲಗೇಚ ಹೋಗಿ ವಿಚಾರಸ್ತಾರ ಅವಂಗ. ನಮ್ಮ ಅಕ್ಕನ ಜೀವಾ ತಗೀತಿದ್ದ ಮಗ."

ಮೂವರೂ ನನ್ನ ಬಾಯಿಯನ್ನೇ ಕಾದು ನಿಂತರು. ಬಾಯಿಗೆ ಒಂದು ಹೆಸರೂ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಓಣಿಯ ಮೂಲೆಯಲ್ಲಿ ಒಬ್ಬ ಟಾಯರಿನವನಿದ್ದಾನೆ. ಹಬ್ಬಕ್ಕೆ ನನಗೆ ಎಳ್ಳುಬೆಲ್ಲ ಕೊಡುವವನು. ಇಪ್ಪತ್ತು ಜನ ಹಮಾಲರು ಅವನ ಅಂಗಡಿಗೆ ನುಗ್ಗುವುದು, ಅವನು ಏನೂ ತಿಳಿಯದೆ ಸ್ಟೂಲಿನಿಂದ ಏಳುವುದು, ಎರಡೂ ನನ್ನ ಕಣ್ಣಿಗೆ ಕಟ್ಟಿದವು. ಇನ್ನೊಂದು ಕಡೆ ಶಾಂತಾ ಇದ್ದಳು. ನಿಜ ಹೇಳಿದರೆ ಗುರಪ್ಪ ಅವಳನ್ನಷ್ಟೇ ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗಿಬಿಡಬಹುದು, ಇಲ್ಲವೇ ಅವಳನ್ನೂ ಬಿಟ್ಟು ಹೋಗಬಹುದು. ಸಿಕ್ಕ ತವರು ನನ್ನ ಒಂದು ಮಾತಿಗೆ ಮತ್ತೆ ಹೋಗುತ್ತಿತ್ತು.

"ಟಾಯರ ಅಂಗಡ್ಯಾಂವ ಯಾರೂ ಇಲ್ಲ," ಎಂದೆ. "ನಾನ ಬಿಚ್ಚೀನಿ. ತೊಗಲೂ ನಾನ ಹಾಕೀನಿ. ಮಗ್ಗಕ್ಕ ಹಾಕ್ತಿದ್ವಿ, ಅದಕ್ಕ."

ರಫೀಕ್ ತಲ್ಲಣಿಸಿ, "ಮಾಫ್ ಕರೋ ಅಜ್ಜಾ, ನಾ ಕತ್ತಿ ಅಂದಬಿಟ್ಟೆ," ಎಂದ.

"ಬರೋಬರ ಅಂದಿ," ಎಂದಳು ಶಾಂತಾ.

ಗುರಪ್ಪ ಫೋನ್ ಕೆಳಗಿಳಿಸಿದ. ಎಂಟು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. ಆಮೇಲೆ ಒಂದೇ ಮಾತು ಕೇಳಿದ.

"ಪಂಪಿಗೂ?"

ಹೇಳಿಬಿಟ್ಟೆ. "ಪಂಪಿಗೂ. ಅದರಾಗೂ ತೊಗಲ ಹಾಕಿದ್ದೆ. ಅದು ನೆನದು ಉಬ್ಬಿ ನೀರ ಕಟ್ಟಿರಬೇಕ. ಪಂಪ ಛಲೋದ ಇತ್ತು ಗುರಪ್ಪ. ಚೂಕ ನಂದು. ತಪ್ಪಾತು."

ಮಾತು ಹೊರಗೆ ಬಂದ ಮೇಲೆ ನೋಡಿದರೆ ಅದು ಬಹಳ ಸಣ್ಣದು. ಇದನ್ನು ಎಂಟು ವರ್ಷ ಹೇಗೆ ಹೊತ್ತುಕೊಂಡಿದ್ದೆ ಎಂದು ನನಗೇ ನಾಚಿಕೆಯಾಯಿತು.

ಗುರಪ್ಪ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ. "ಅಕ್ಕಾ, ಆ ಪಂಪ ಖರಾಬ ಅದ ಅಂತ ನಾನೂ ನಂಬಿಬಿಟ್ಟೆ. ಗುಜರಿಗೆ ಹಾಕಿ ಹೊಸಾದು ತಂದೆ." ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ತಿಳಿದೆ. ನಗುತ್ತಿದ್ದ.

ಈ ನಡುವೆ ರಫೀಕ್ ಟಾಯರಿನ ಸಂದಿಯಲ್ಲಿ ಒಂದು ತಂತಿ ಹಾಕಿ ಏನನ್ನೋ ಮೀಟಿ ತೆಗೆದ. ಸೇಂಗಾ ಕಾಳಿನಷ್ಟು ದೊಡ್ಡ ಒಂದು ಖಡಿ, ಜಲ್ಲಿಕಲ್ಲಿನ ಚೂರು. "ಅಜ್ಜಾ, ಮೊದಲ ಗಾಲಿ ಟಿಕ್ ಟಿಕ್ ಅಂತಿರಬೇಕಲ್ಲ, ಇದ ನೋಡ್ರಿ ಅದು." ಕುಳಿತು ಕಣ್ಣಿನಿಂದ ನೋಡಿದ್ದರೆ ಗುರುವಾರವೇ ಸಿಗುತ್ತಿತ್ತು.

ಕಾರಿಗೆ ಹೊಸ ಬೋಲ್ಟುಗಳು ಬೇಕಾಗಿದ್ದವು. ಅದು ವಳಸಂಗದಲ್ಲೇ ಉಳಿಯಿತು. ಗಂಟೆ ಹನ್ನೊಂದೂವರೆ. ಟೆಂಪೋ ಓಡಿಸುವ ಗುರಪ್ಪನ ಪಕ್ಕ ಒಬ್ಬರಿಗೇ ಜಾಗ. ಅಲ್ಲಿ ಅವನ ಅಕ್ಕ ಕುಳಿತಳು. ನಾರಾಯಣನು ಹಿಂದೆ, ಉಳ್ಳಾಗಡ್ಡಿಯ ಖಾಲಿ ಚೀಲಗಳ ಮೇಲೆ ಆಸೀನನಾದನು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮನೆ ಮುಟ್ಟಿದೆವು. ಕಸ್ತೂರಿ ತಂಬಿಗೆ ಮತ್ತು ಕಾಲು ತೊಳೆಯುವ ಪರಾತ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಣೆಯ ಮೇಲೆ ಕುಳಿತೆ. ಗುರಪ್ಪ ಬಗ್ಗಿ ನನ್ನ ಕಾಲಿಗೆ ನೀರು ಹಾಕಿ ತೊಳೆದ. ಆಮೇಲೆ ತಲೆಯೆತ್ತಿ, ಗಂಭೀರವಾಗಿ ಕೇಳಿದ. "ದಾಜಿ, ಕೈಗೋಳೂ ಇತ್ತ ಕೊಡ್ರಿ. ನಮ್ಮ ಮನ್ಯಾಗ ಕಾಲಿಗಿಂತ ಅವೇ ಜಾಸ್ತಿ ಅಪರಾಧ ಮಾಡ್ಯಾವ."

ಒಳಗಿನಿಂದ ಶಾಂತಾಳ ನಗು ಕೇಳಿಸಿತು. ಆ ಮನೆಯಲ್ಲಿ ಅವಳ ನಗು ಹೇಗಿರುತ್ತದೆಂದು ನಾನು ಮರೆತಿದ್ದೆ.

ತುಪ್ಪದಲ್ಲಿ ಅದ್ದಿದ ಧೋಂಡೆ ಏಳು ತಿಂದೆ. ದಾನದ ಪದ್ಧತಿಯಂತೆ, ಗಸಗಸೆ ಮೆತ್ತಿ ಕರಿದ ಅಕ್ಕಿ ಬೆಲ್ಲದ ಅನಾರಸೆ ಮೂವತ್ತಮೂರು ಎಣಿಸಿ ಡಬ್ಬಿಯಲ್ಲಿ ಹಾಕಿ ಕೈಗೆ ಕೊಟ್ಟರು. ಎಲ್ಲ ಸಾಂಗವಾಗಿ ಮುಗಿದು, ಸಂಜೆಯ ಬಸ್ಸಿಗೆ ನಾನು ಚಪ್ಪಲಿ ಮೆಟ್ಟಿದೆ. ಶಾಂತಾ ಬಾಗಿಲ ಒಳಗೇ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ನೀವ ನಡೀರಿ. ನಾ ನಾಕ ದಿನ ಇರ್ತೀನಿ."

ನಾಲ್ಕು ದಿನವಾದ ಮೇಲೆ ಫೋನ್ ಮಾಡಿದೆ. "ಯಾವಾಗ ಬರ್ತಿ?" ಎಂದೆ.

"ಎಂಟ ವರ್ಷದ ಮಾತ ಅವ, ನಾಕ ದಿನದಾಗ ಹೆಂಗ ಮುಗೀತಾವ? ಅಧಿಕ ಮಾಸ ಮುಗೀಲಿ," ಎಂದಳು. ಹಿಂದಿನಿಂದ ಗುರಪ್ಪನ ದನಿ ಕೇಳಿಸಿತು. "ದಾಜಿಗೆ ಕೇಳಕ್ಕಾ, ಉಣ್ಣಾಕ ಏನ ಮಾಡ್ಕೋತಾರಂತ."

ಗುರಪ್ಪನದು ಒಳ್ಳೆಯ ಪ್ರಶ್ನೆ. ನನಗೆ ಚಹಾ ಮಾಡಲು ಬರುತ್ತದೆ. ಜೋಶಿ ಮಾಸ್ತರರ ಮನೆಯಿಂದ ಎರಡು ದಿನ ಭಕ್ಕರಿ ಬಂತು. ಮೂರನೆಯ ದಿನ ಅವರ ಹೆಂಡತಿ, ನಮ್ಮವರ ಮೊಣಕಾಲು ಓಡಿ ಓಡಿ ಬಾತಿದೆ, ಬಿಸಿನೀರು ಕಾಯಿಸುವುದರಲ್ಲೇ ಹೊತ್ತು ಹೋಗುತ್ತದೆ ಎಂದು ಹೇಳಿ ಕಳಿಸಿದರು. ನಾನು ಎರಡನೆಯ ಸಲ ಕೇಳಲು ಹೋಗಲಿಲ್ಲ.

ರಫೀಕ್‌ನೂ ಫೋನ್ ಮಾಡಿದ್ದ. ಗಾಡಿ ಸಿದ್ಧವಾಗಿದೆಯಂತೆ. "ಖರೆ ಅಜ್ಜಾ, ನೀವ ಬರಬ್ಯಾಡ್ರಿ. ಬ್ಯಾರೆ ಯಾರಿಗರೆ ಕಳಸ್ರಿ," ಎಂದ. ಬೇರೆ ಯಾರೂ ಇಲ್ಲ. ಗಾಡಿ ಅಲ್ಲೇ ಇದೆ.

ಇವತ್ತಿಗೆ ಹನ್ನೊಂದು ದಿನ. ನಾನು ಕೆಡಿಸಿದ್ದ ತವರು ದುರಸ್ತಿಯಾಗಿದೆ. ಜೀವಮಾನದಲ್ಲಿ ನಾನು ಮಾಡಿದ ದುರಸ್ತಿಗಳಲ್ಲಿ ಇಷ್ಟು ಚೆನ್ನಾಗಿ ಕುಳಿತದ್ದು ಇನ್ನೊಂದಿಲ್ಲ. ಅಧಿಕ ಮಾಸ ಮುಗಿಯಲು ಇನ್ನೂ ಒಂಬತ್ತು ದಿನ ಇದೆ. ಡಬ್ಬಿಯಲ್ಲಿ ಅನಾರಸೆ ನಾಲ್ಕು ಉಳಿದಿವೆ. ದಿನಕ್ಕೆ ಅರ್ಧದಂತೆ ತಿನ್ನಬೇಕೆಂದು ನಿಶ್ಚಯಿಸಿದ್ದೇನೆ. ಆ ಲೆಕ್ಕದಲ್ಲೂ ಒಂದು ದಿನ ಉಪವಾಸ ಬೀಳುತ್ತದೆ.